ಕಪ್ಪಾಗದ ಎಣ್ಣೆ

ಗ್ಯಾರೇಜಿನಲ್ಲಿ ಸ್ವಲ್ಪ ಹೊತ್ತು ನಿಂತವರಿಗೆಲ್ಲ ಗೊತ್ತಿರುವ ಸಂಗತಿ: ಗೇರ್ ಆಯಿಲ್ ನಾರುತ್ತದೆ. ಎಂಜಿನ್ ಆಯಿಲ್‌ನ ಹೊಸ ಡಬ್ಬಕ್ಕೆ ಮೂಗು ಒಡ್ಡಿದರೆ ಅಂಥ ವಾಸನೆಯೇನೂ ಇಲ್ಲ. ಗೇರ್ ಆಯಿಲ್‌ನ ಮುಚ್ಚಳ ತಿರುಗಿಸಿದರೆ ಸಾಕು, ಕೊಳೆತ ಮೊಟ್ಟೆ, ಬೆಳ್ಳುಳ್ಳಿ, ಸುಟ್ಟ ರಬ್ಬರು ಎಲ್ಲ ಸೇರಿದಂಥ ನಾತ. ಅಂಗಿಯ ತೋಳಿಗೆ ತಾಗಿದ ಒಂದು ತೊಟ್ಟು ಒಗೆದು ಒಣಗಿಸಿದ ಮೇಲೂ ಬಿಡುವುದಿಲ್ಲ. ಎರಡೂ ಕಚ್ಚಾ ತೈಲದಿಂದಲೇ ಬಂದವು. ಎರಡರ ಕೆಲಸವೂ ಲೋಹವನ್ನು ಲೋಹ ತಿನ್ನದಂತೆ ನೋಡಿಕೊಳ್ಳುವುದೇ. ಒಂದಕ್ಕಿಲ್ಲದ ನಾತ ಇನ್ನೊಂದಕ್ಕೆ ಎಲ್ಲಿಂದ ಬಂತು?

ಇದಕ್ಕೆ ಅಂಟಿಕೊಂಡೇ ಇನ್ನೊಂದು ಒಗಟಿದೆ. ಎಂಜಿನ್ ಆಯಿಲ್ ಹಾಕಿದ ಕೆಲವೇ ದಿನಕ್ಕೆ ಕಪ್ಪಾಗುತ್ತದೆ, ಡೀಸೆಲ್ ಜೀಪಾದರೆ ಇನ್ನೂ ಬೇಗ. ಅದನ್ನು ಬದಲಿಸಬೇಕೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಜೀಪಿನ ಹಿಂದಿನ ಚಕ್ರಗಳ ನಡುವಿನ ಉಕ್ಕಿನ ಚಿಪ್ಪಿನಲ್ಲಿ, ಅಂದರೆ ಹೌಸಿಂಗಿನಲ್ಲಿರುವ ಗೇರ್ ಎಣ್ಣೆಯೋ, ನಾಲ್ಕೈದು ವರ್ಷ ಬಿಟ್ಟು ಬೆರಳಿಟ್ಟು ನೋಡಿದರೂ ಜೇನಿನ ಬಣ್ಣದಲ್ಲೇ ಇರುತ್ತದೆ. "ಆಯಿಲ್ ಚೆನ್ನಾಗೇ ಅದೆ ಬುಡಣ್ಣ, ಇನ್ನೂ ಎರಡ್ ವರ್ಸ ಓಡ್ತದೆ" ಎಂದು ಮೆಕ್ಯಾನಿಕ್ ನಟ್ಟು ಬಿಗಿದರೆ ಮಳವಳ್ಳಿ ಸೀಮೆಯಲ್ಲಿ ಎದುರಾಡುವವರು ಕಡಿಮೆ. ಕಪ್ಪೇ ಆಗದ ಎಣ್ಣೆ ಕೆಡುವುದುಂಟೆ?

ಉಂಟು. ಎಂಜಿನ್ ಆಯಿಲ್ ಕಪ್ಪಾಗುವುದು ಮುಖ್ಯವಾಗಿ ಉರಿದ ಇಂಧನದ ಮಸಿಯಿಂದ. ಹೌಸಿಂಗಿನೊಳಗೆ ಬೆಂಕಿಯೂ ಇಲ್ಲ, ಮಸಿಯೂ ಇಲ್ಲ. ಅಲ್ಲಿ ಎಣ್ಣೆ ಸವೆಯುವ ದಾರಿಯೇ ಬೇರೆ, ಅದು ಬಣ್ಣದಲ್ಲಿ ಕಾಣುವಂಥದ್ದಲ್ಲ. ನಾತಕ್ಕೂ ಸವೆತಕ್ಕೂ ಕಾರಣ ಒಂದೇ: ಗಂಧಕ.

ನಾಲ್ಕು ಎಣ್ಣೆಮನೆ

ಬಂಡೂರು ಎಂದರೆ ನಾಡಿಗೆಲ್ಲ ನೆನಪಾಗುವುದು ಕುರಿ. ಗಿಡ್ಡ ಕಾಲಿನ, ತುಂಬಿದ ಮೈಯ ಆ ತಳಿಗೆ ಹೆಸರು ಕೊಟ್ಟ ಊರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಈ ಸೀಮೆಯ ನೆಲ ಎರಡು ಬಗೆ. ನಾಲೆ ನೀರು ಹರಿದ ಕಡೆ ಭತ್ತ, ಕಬ್ಬು. ನೀರು ಏರದ ದಿಬ್ಬದಲ್ಲಿ ರಾಗಿ, ಹುರುಳಿ, ಕುರಿ ಮೇಯುವ ಬೀಳು. ತೆಂಕಲಿಗೆ ಹೋದರೆ ಶಿವನಸಮುದ್ರ, ಮೂಡಲಿಗೆ ಮುತ್ತತ್ತಿಯ ಕಾಡು. ಟಾರು ಬಿಟ್ಟು ಇಳಿದರೆ ನಾಲೆ ಏರಿ, ಏರಿ ಬಿಟ್ಟರೆ ಗದ್ದೆ ಕೆಸರು, ಮಳೆ ಬಂದರೆ ಹಳ್ಳ. ನಾಲ್ಕು ಚಕ್ರಕ್ಕೂ ಎಳೆತವಿರುವ ಗಾಡಿಗೆ ಇಲ್ಲಿ ನಿಜವಾದ ಕೆಲಸವಿದೆ.

ಅಂಥ ಹಳೆಯ ಗಾಡಿಯೆಂದರೆ ಬಹುಮಟ್ಟಿಗೆ ಮಹೀಂದ್ರಾ ಜೀಪು, ಇಲ್ಲವೇ ಮಾರುತಿ ಜಿಪ್ಸಿ. ಮೊದಲನೆಯದು ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ವಂಶ. 1947ರಲ್ಲಿ ಮುಂಬಯಿಯಲ್ಲಿ ಅದರ ಜೋಡಣೆ ಶುರುವಾಯಿತು. ಜಿಪ್ಸಿ ಬಂದದ್ದು 1985ರಲ್ಲಿ. ಎರಡರಲ್ಲೂ ಎಂಜಿನ್ ಬಿಟ್ಟು ನಾಲ್ಕು ಎಣ್ಣೆಮನೆಗಳಿವೆ. ಒಂದು ಗೇರ್‌ಬಾಕ್ಸ್. ಅದರ ಹಿಂದೆ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ. ಮೆಕ್ಯಾನಿಕ್‌ಗಳು ಟ್ರಾನ್ಸ್‌ಫರ್ ಕೇಸ್ ಎನ್ನುವ ಇದನ್ನು ನಾವು ಹಂಚುಪೆಟ್ಟಿಗೆ ಎನ್ನೋಣ. ಜೀಪಿನಲ್ಲಿ ಇದು ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟಾಗಿರುತ್ತದೆ. ಜಿಪ್ಸಿಯಲ್ಲಿ ಬೇರೆಯಾಗಿ ಕೂತು, ನಡುವೆ ಒಂದು ಗಿಡ್ಡ ದಂಡ ಇರುತ್ತದೆ. ಉಳಿದ ಎರಡು ಮನೆ ಮುಂದಿನ ಹೌಸಿಂಗು ಮತ್ತು ಹಿಂದಿನ ಹೌಸಿಂಗು. ಉದ್ದಕ್ಕೆ ಬಂದ ತಿರುಗಾಟವನ್ನು ಅಡ್ಡಕ್ಕೆ ಹೊರಳಿಸಿ ಚಕ್ರಗಳಿಗೆ ಕೊಡುವ ಕ್ರೌನ್ ಪಿನಿಯನ್ ಹಲ್ಲುಗಳು ಇರುವುದು ಇಲ್ಲಿ.

ನಾಲ್ಕು ಮನೆಗೂ ಒಂದೇ ಡಬ್ಬದಿಂದ ಸುರಿಯುವ ರೂಢಿ ಇದೆ. ಅದು ಯಾಕೆ ಕೂಡದೆಂದು ತಿಳಿಯಲು ಹಲ್ಲಿಗೆ ಹಲ್ಲು ಕೂಡುವ ಜಾಗವನ್ನು ಹತ್ತಿರದಿಂದ ನೋಡಬೇಕು.

ಹಲ್ಲು ಹಲ್ಲು ಕೂಡುವಲ್ಲಿ

ಎರಡು ಗೇರ್ ಹಲ್ಲುಗಳು ಅಗಲವಾಗಿ ಒರಗಿ ತಳ್ಳುತ್ತವೆ ಎಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ಅವು ತಾಗುವುದು ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ. ಕೆಸರಿನಲ್ಲಿ ಹೂತ ಜೀಪನ್ನು ಮೇಲೆತ್ತುವ ಬಲವೆಲ್ಲ ಆ ಗೆರೆಯ ಮೇಲೆ ಕೂರುತ್ತದೆ. ಅಲ್ಲಿನ ಒತ್ತಡ ಚದರ ಸೆಂಟಿಮೀಟರಿಗೆ 10 ಟನ್ನಿಗೂ ಮೀರುತ್ತದೆ. ಉಕ್ಕು ಕ್ಷಣಮಾತ್ರ ತುಸು ಚಪ್ಪಟೆಯಾಗಿ ಮತ್ತೆ ಎದ್ದು ನಿಲ್ಲುವಷ್ಟು ಒತ್ತಡ ಇದು. ನಡುವೆ ಸಿಕ್ಕ ಎಣ್ಣೆ ಹಿಂಡಿದಷ್ಟೂ ಗಟ್ಟಿಯಾಗುತ್ತದೆ. ಹರಿದು ಹೋಗಲು ಸಮಯವೇ ಸಿಗದೆ ಒಂದು ತೆಳು ಪದರವಾಗಿ ಅಲ್ಲೇ ನಿಲ್ಲುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟೂ ದಪ್ಪವಿಲ್ಲದ ಈ ಪದರವೇ ಹೆಚ್ಚಿನ ಹೊತ್ತು ಹಲ್ಲನ್ನು ಕಾಯುವುದು.

ಹೆಚ್ಚಿನ ಹೊತ್ತು ಎಂದೆ, ಯಾವಾಗಲೂ ಅಲ್ಲ. ಈ ಪದರ ಹುಟ್ಟುವುದು ಓಟದಿಂದ. ಹಲ್ಲು ವೇಗವಾಗಿ ತಿರುಗಿ ಎಣ್ಣೆಯನ್ನು ಸಂದಿಗೆ ಎಳೆದುಕೊಂಡರೆ ಮಾತ್ರ ಅದು ನಿಲ್ಲುತ್ತದೆ. ಸ್ಲೋ ಗೇರಿನಲ್ಲಿ ಗದ್ದೆಯಿಂದ ಏರಿಗೆ ಹತ್ತುವಾಗ ವೇಗ ಕಡಿಮೆ, ಬಲ ಹೆಚ್ಚು. ಪದರ ತೆಳುವಾಗುತ್ತ ಹೋಗಿ ಉಕ್ಕಿನ ಸಣ್ಣ ಉಬ್ಬುಗಳು ಒಂದಕ್ಕೊಂದು ತಾಗುತ್ತವೆ.

ಎತ್ತಿನ ಗಾಡಿಯ ಕಾಲದಲ್ಲೂ ಇದೇ ತೊಂದರೆ ಇತ್ತು. ಅಚ್ಚಿಗೆ ಹಚ್ಚುತ್ತಿದ್ದ ಕೀಲೆಣ್ಣೆ ಸಾಮಾನ್ಯವಾಗಿ ಹರಳೆಣ್ಣೆ, ಅದಕ್ಕೆ ಸುಟ್ಟ ಹುಲ್ಲಿನ ಕರಿ ಕಲಸುವುದು. ಅದು ಬರೀ ಬಡವರ ಉಪಾಯವಾಗಿರಲಿಲ್ಲ. ಹರಳೆಣ್ಣೆಯ ಅಣುವಿನಲ್ಲಿ ಲೋಹಕ್ಕೆ ಕಚ್ಚಿಕೊಳ್ಳುವ ತುದಿಗಳಿವೆ. ಎಣ್ಣೆ ಹಿಂಡಿ ಹೋದರೂ ಅಣುಗಳ ಒಂದು ಸಾಲು ಲೋಹದ ಮೇಲೆ ಉಳಿಯುತ್ತದೆ. ಮೊದಲನೇ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ ಹರಳೆಣ್ಣೆಯನ್ನೇ ಹಾಕಿದ್ದು ಇಂಥ ಗುಣಗಳಿಂದ. ಆದರೆ ಶಾಖ ಏರಿದಂತೆ ಆ ಅಣುಗಳ ಹಿಡಿತ ಸಡಿಲವಾಗುತ್ತದೆ. ಗಾಡಿಯ ಅಚ್ಚಿಗೆ ಅದು ಸಾಕು, ಜೀಪಿನ ಕ್ರೌನ್ ಪಿನಿಯನ್ನಿಗೆ ಸಾಲದು.

ಯಾಕೆಂದರೆ ಕ್ರೌನ್ ಪಿನಿಯನ್ನಿನ ಹಲ್ಲು ಉರುಳುವುದಷ್ಟೇ ಅಲ್ಲ, ಉದ್ದಕ್ಕೆ ಜಾರುತ್ತದೆ ಕೂಡ. 1920ರ ದಶಕದಲ್ಲಿ ಅಮೆರಿಕದ ಗ್ಲೀಸನ್ ಕಂಪನಿ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ನನ್ನು ದೊಡ್ಡದಾದ ಕ್ರೌನಿನ ನಡುಮಧ್ಯಕ್ಕಿಂತ ಕೆಳಗಿಡುವ ವಿನ್ಯಾಸ ಮಾಡಿತು. ಹೈಪಾಯ್ಡ್ ಎಂಬ ಹೆಸರಿನ ಈ ಜೋಡಿಯನ್ನು ಪ್ಯಾಕಾರ್ಡ್ ಕಾರುಗಳು ಮೊದಲು ಬಳಸಿದವು. ಕಾರಿನ ನೆಲ ತಗ್ಗಿತು, ಸದ್ದು ಕಡಿಮೆಯಾಯಿತು. ಆದರೆ ಒತ್ತುತ್ತಲೇ ಜಾರುವ ಹಲ್ಲು ಎಣ್ಣೆಯನ್ನು ಒರೆಸಿಹಾಕುತ್ತದೆ. ಆ ತನಕದ ಎಣ್ಣೆಗಳು ಇದನ್ನು ತಾಳಲಿಲ್ಲ. ಯುದ್ಧಕಾಲದ ವಿಲ್ಲಿಸ್ ಜೀಪಿನ ಅಚ್ಚುಗಳಲ್ಲೂ ಹೈಪಾಯ್ಡ್ ಹಲ್ಲೇ ಇದ್ದದ್ದು. ಗೇರ್‌ಬಾಕ್ಸಿಗೆ ಒಂದು ಎಣ್ಣೆ, ಅಚ್ಚಿಗೆ ಬೇರೆ ಎಣ್ಣೆ ಎಂಬ ನಿಯಮ ಅಂದಿನಿಂದಲೂ ಇದೆ.

ಬಲಿಪೊರೆ

ಇಲ್ಲಿ ಗಂಧಕ ಬರುತ್ತದೆ. ಗೇರ್ ಆಯಿಲ್‌ನಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಕರಗಿಸಿರುತ್ತಾರೆ. ಎಣ್ಣೆ ತಣ್ಣಗಿರುವ ತನಕ ಅವು ಹೆಚ್ಚೇನೂ ಮಾಡುವುದಿಲ್ಲ, ಸುಮ್ಮನೆ ನಾರುತ್ತ ತೇಲಾಡುತ್ತವೆ. ಪದರ ಹರಿದು ಉಕ್ಕಿಗೆ ಉಕ್ಕು ಉಜ್ಜಿದ ಕ್ಷಣದಲ್ಲಿ ಆ ಚುಕ್ಕೆಯಷ್ಟು ಜಾಗದ ಬಿಸಿ ನೂರಾರು ಡಿಗ್ರಿಗೆ ಏರುತ್ತದೆ. ಸುತ್ತಲಿನ ಎಣ್ಣೆ ಕೈ ಇಡುವಷ್ಟೇ ಬಿಸಿಯಿದ್ದರೂ ಸರಿ. ಆ ಶಾಖಕ್ಕೆ ಗಂಧಕದ ಅಣು ಒಡೆಯುತ್ತದೆ, ಬಿಡುಗಡೆಯಾದ ಗಂಧಕ ಎದುರಿಗಿದ್ದ ಕಬ್ಬಿಣವನ್ನು ಹಿಡಿಯುತ್ತದೆ, ಹಲ್ಲಿನ ಮೇಲೆ ಕಬ್ಬಿಣದ ಸಲ್ಫೈಡಿನ ಒಂದು ಪೊರೆ ಏಳುತ್ತದೆ. ಉಕ್ಕಿಗೆ ಹೋಲಿಸಿದರೆ ಅದು ಮೆತ್ತಗೆ, ಸುಲಭವಾಗಿ ಜಾರುತ್ತದೆ, ಉಕ್ಕಿಗೆ ಉಕ್ಕು ಬೆಸೆದುಕೊಳ್ಳಲು ಬಿಡುವುದಿಲ್ಲ. ಮುಂದಿನ ಸುತ್ತಿನಲ್ಲಿ ಹಲ್ಲು ಪೊರೆಯನ್ನು ಕೆರೆದು ಹಾಕುತ್ತದೆ, ಬಿಸಿ ಏಳುತ್ತದೆ, ಮತ್ತೆ ಪೊರೆ ಕೂರುತ್ತದೆ. ತಾನು ಹೋಗಿ ಹಲ್ಲನ್ನು ಉಳಿಸುವುದರಿಂದ ಇದಕ್ಕೆ ಬಲಿಪೊರೆ ಎಂಬ ಹೆಸರು ಸಲ್ಲುತ್ತದೆ. ಎಣ್ಣೆ ತಯಾರಕರು ಈ ಗುಣವನ್ನು ಎಕ್ಸ್‌ಟ್ರೀಮ್ ಪ್ರೆಷರ್, ಚಿಕ್ಕದಾಗಿ ಇಪಿ ಎಂದು ಡಬ್ಬದ ಮೇಲೆ ಬರೆಯುತ್ತಾರೆ.

ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುವುದು ಹೀಗೆಯೇ. ನಡೆದಾಡುವ ಕಾಲಿಗೆ ಸವೆಯುವುದು ಸಾರಣೆ, ನೆಲವಲ್ಲ. ಸವೆದಲ್ಲಿ ಮತ್ತೆ ಸಾರಿಸುತ್ತಾರೆ. ಮಂಕರಿಯಲ್ಲಿ ಸಗಣಿ ಇರುವ ತನಕ ನೆಲಕ್ಕೆ ಭಯವಿಲ್ಲ. ಮಂಕರಿ ಬರಿದಾದ ದಿನದಿಂದ ಪುಡಿಯೇಳುವುದು ನೆಲದ ಮಣ್ಣೇ.

ಎಣ್ಣೆ ಕೆಡುವುದೆಂದರೆ ಮುಖ್ಯವಾಗಿ ಈ ಮಂಕರಿ ಬರಿದಾಗುವುದು. ಸಾರಿಸಿದ ಪ್ರತಿ ಸಲವೂ ಒಂದಿಷ್ಟು ಗಂಧಕ ಖರ್ಚು, ಜೊತೆಗೆ ಒಂದಿಷ್ಟು ಕಬ್ಬಿಣವೂ. ಕೆರೆದುಹೋದ ಪುಡಿ ಎಣ್ಣೆಯಲ್ಲಿ ಉಳಿಯುತ್ತದೆ. ಎಣ್ಣೆಯ ಜೇನು ಬಣ್ಣ ಮಾತ್ರ ಹೆಚ್ಚು ಬದಲಾಗದು, ಏಕೆಂದರೆ ಬಣ್ಣ ಬಹುಪಾಲು ಮೂಲ ಎಣ್ಣೆಯದು. ಬಣ್ಣ ನೋಡಿ "ಚೆನ್ನಾಗೇ ಅದೆ" ಎಂದವರು ನೋಡಬೇಕಾದ್ದನ್ನು ನೋಡಿರುವುದಿಲ್ಲ.

ಈ ಕಥೆಯಲ್ಲಿ ತಿಮಿಂಗಿಲಕ್ಕೂ ಪಾಲಿದೆ. ದಶಕಗಳ ಕಾಲ ಗಂಧಕವನ್ನು ಹೊತ್ತು ಎಣ್ಣೆಗೆ ಬೆರೆಸಲು ತುಂಬ ಒಗ್ಗುತ್ತಿದ್ದುದು ಸ್ಪರ್ಮ್ ತಿಮಿಂಗಿಲದ ಎಣ್ಣೆ. 1970ರಲ್ಲಿ ಅಮೆರಿಕ ಆ ಪ್ರಾಣಿಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಗೇರ್ ಎಣ್ಣೆ ಮಾಡುವವರು ಬದಲಿ ಹುಡುಕಲು ಪರದಾಡಿದರು. ಮರಳುಗಾಡಿನ ಹೊಹೊಬಾ ಬೀಜದ ಎಣ್ಣೆಗೆ ಬೇಡಿಕೆ ಬಂದದ್ದು ಆಗ.

ಟಾರಿನ ಮೇಲೆ ನಾಲ್ಕು ಚಕ್ರ

ಗಂಧಕವನ್ನು ವ್ಯರ್ಥವಾಗಿ ಖರ್ಚು ಮಾಡುವ ಒಂದು ಚಾಳಿ ಈ ಗಾಡಿಗಳ ಮಾಲೀಕರಿಗಿದೆ. ಕೆಸರು ದಾಟಿದ ಮೇಲೂ ಫೋರ್‌ವೀಲ್ ಗೇರು ಬಿಡಿಸದೆ ಮದ್ದೂರಿನ ತನಕ ಟಾರಿನಲ್ಲಿ ಬರುವುದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ, ಅಂದರೆ ಹೆಚ್ಚು ದೂರ ಉರುಳಬೇಕು. ಹಳೆಯ ಜೀಪಿನ ಹಂಚುಪೆಟ್ಟಿಗೆ ಮುಂದನ್ನೂ ಹಿಂದನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಕೆಸರಿನಲ್ಲಿ ಚಕ್ರ ತುಸು ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನಲ್ಲಿ ಜಾರಲು ಆಗದು, ಹಾಗಾಗಿ ಆ ವ್ಯತ್ಯಾಸ ಜಾಯಿಂಟುಗಳಲ್ಲಿ, ಹಲ್ಲುಗಳಲ್ಲಿ ಬಿಗಿತವಾಗಿ ಕೂಡುತ್ತ ಹೋಗುತ್ತದೆ. ಆ ಬಿಗಿತಕ್ಕೆ ಎಣ್ಣೆಯ ಪದರ ಹರಿದು ಗಂಧಕ ಸುಮ್ಮನೆ ಖರ್ಚಾಗುತ್ತದೆ. ಸ್ಟೇರಿಂಗ್ ಭಾರವಾಗುವುದು, ಫೋರ್‌ವೀಲ್ ಲಿವರ್ ಎಷ್ಟು ಎಳೆದರೂ ಬಾರದಿರುವುದು ಈ ಬಿಗಿತದಿಂದಲೇ. ಆಗ ಲಿವರನ್ನು ಒದೆಯದೆ, ನಾಲ್ಕು ಮಾರು ರಿವರ್ಸ್ ಹೋದರೆ ಬಿಗಿತ ಇಳಿದು ತಾನಾಗಿ ಬಿಡುತ್ತದೆ.

ಹಿತ್ತಾಳೆಗೆ ಬೇರೆ ಎಣ್ಣೆ

ಗಂಧಕ ಅಷ್ಟು ಒಳ್ಳೆಯದಾದರೆ ಎಲ್ಲ ಕಡೆಗೂ ಹೆಚ್ಚು ಗಂಧಕದ ಎಣ್ಣೆಯನ್ನೇ ಹಾಕಬಾರದೇಕೆ? ಗೇರ್‌ಬಾಕ್ಸಿನಲ್ಲಿ ಹಿತ್ತಾಳೆ ಇದೆ, ಅದಕ್ಕೆ. ಗೇರು ಬದಲಿಸುವಾಗ ಎರಡು ಹಲ್ಲುಚಕ್ರಗಳ ವೇಗ ಸಮ ಮಾಡುವ ಉಂಗುರಗಳನ್ನು ಹಳೆಯ ಪೆಟ್ಟಿಗೆಗಳಲ್ಲಿ ಹಿತ್ತಾಳೆ, ಕಂಚಿನಂಥ ಲೋಹದಿಂದ ಮಾಡುತ್ತಿದ್ದರು. ವಿಲ್ಲಿಸ್ ವಂಶದ ಮೂರು ಗೇರಿನ ಪೆಟ್ಟಿಗೆಯಲ್ಲಿ ಎರಡು ಮತ್ತು ಮೂರನೇ ಗೇರಿಗೆ ಮಾತ್ರ ಇವು ಇದ್ದವು. ಮೊದಲನೆಯದನ್ನು ಗಾಡಿ ನಿಂತ ಮೇಲೆಯೇ ಹಾಕಬೇಕಿತ್ತು. ಗಂಧಕಕ್ಕೆ ಹಿತ್ತಾಳೆಯಲ್ಲಿರುವ ತಾಮ್ರ ಎಂದರೆ ಕಬ್ಬಿಣಕ್ಕಿಂತ ಇಷ್ಟ. ಅದರ ಮೇಲೂ ಪೊರೆ ಕೂರಿಸುತ್ತದೆ, ಪೊರೆ ಕಿತ್ತಾಗ ಮೆತ್ತನೆಯ ಹಿತ್ತಾಳೆಯೂ ಜೊತೆಗೆ ಹೋಗುತ್ತದೆ. ಗೇರ್ ಎಣ್ಣೆಯನ್ನು ಪರೀಕ್ಷಿಸುವವರು ಹೊಳಪಿನ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಕೆಲವು ಗಂಟೆ ಮುಳುಗಿಸಿಟ್ಟು, ಅದು ಎಷ್ಟು ಕಪ್ಪಾಯಿತೆಂದು ನೋಡುವುದು ಇದಕ್ಕಾಗಿ.

ಡಬ್ಬದ ಮೇಲೆ ಜಿಎಲ್-4, ಜಿಎಲ್-5 ಎಂದು ಬರೆದಿರುತ್ತದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ದರ್ಜೆಗಳು ಇವು. 5ರಲ್ಲಿ ಬಲಿಪೊರೆಯ ಸರಕು 4ಕ್ಕಿಂತ ಸುಮಾರು ಎರಡು ಪಟ್ಟು. 5 ಹೆಚ್ಚು ಒಳ್ಳೆಯದು ಎಂಬ ಅರ್ಥ ಇದಕ್ಕಿಲ್ಲ. ಹೈಪಾಯ್ಡ್ ಹಲ್ಲಿರುವ ಎರಡು ಹೌಸಿಂಗಿಗೆ 5, ಹಿತ್ತಾಳೆ ಉಂಗುರವಿರುವ ಗೇರ್‌ಬಾಕ್ಸಿಗೆ 4, ಹಂಚುಪೆಟ್ಟಿಗೆಗೆ ಕೈಪಿಡಿ ಹೇಳಿದ್ದು. ಈಗಿನ ಕೆಲವು ಜಿಎಲ್-5 ಎಣ್ಣೆಗಳು ಹಿತ್ತಾಳೆಯನ್ನು ಅಷ್ಟಾಗಿ ಕಡಿಯುವುದಿಲ್ಲ, ನಿಜ. ಆದರೂ ಉಂಗುರ ಕೆಲಸ ಮಾಡುವುದು ಉಜ್ಜಿ ಹಿಡಿಯುವುದರಿಂದ. ಎಣ್ಣೆ ತೀರ ಜಾರಿದರೆ ಹಿಡಿತ ಸಿಗದೆ ಗೇರು ಕರಕರ ಅನ್ನುತ್ತದೆ.

ಮನೆಯಲ್ಲಿ ಟ್ರ್ಯಾಕ್ಟರೂ ಇರುವವರಿಗೆ ಒಂದು ಮಾತು. ಎಣ್ಣೆಯಲ್ಲಿ ಮುಳುಗಿದ ಬ್ರೇಕಿನ ಟ್ರ್ಯಾಕ್ಟರುಗಳಲ್ಲಿ ಗೇರು, ಹೈಡ್ರಾಲಿಕ್, ಬ್ರೇಕು ಎಲ್ಲಕ್ಕೂ ಒಂದೇ ಎಣ್ಣೆ. ಜೀಪಿಗೆ ತಂದು ಉಳಿದ ಜಿಎಲ್-5 ಅನ್ನು ಅದಕ್ಕೆ ಸುರಿದರೆ ಮೊದಲು ಕೈಕೊಡುವುದು ಬ್ರೇಕು.

ನಂಬರಿನ ಗೊಂದಲವನ್ನೂ ಇಲ್ಲೇ ಬಿಡಿಸೋಣ. "90 ನಂಬರ್" ಗೇರ್ ಆಯಿಲ್ ಎಂದರೆ 40 ನಂಬರಿನ ಎಂಜಿನ್ ಆಯಿಲ್‌ಗಿಂತ ಎರಡು ಪಟ್ಟು ಮಂದ ಎಂದು ಹಲವರು ತಿಳಿದಿದ್ದಾರೆ. ಎರಡರ ಅಳತೆಕೋಲೇ ಬೇರೆ. ಬಿಸಿಯಾದಾಗ 90ರ ಗೇರ್ ಎಣ್ಣೆ ಹೆಚ್ಚುಕಡಿಮೆ 40, 50 ನಂಬರಿನ ಎಂಜಿನ್ ಎಣ್ಣೆಯಷ್ಟೇ ಮಂದ. ವ್ಯತ್ಯಾಸ ಇರುವುದು ಗಂಧಕದಲ್ಲಿ.

ಬಿಸಿ ಹೌಸಿಂಗು, ತಣ್ಣೀರು

ಬಲಿಪೊರೆಯ ದೊಡ್ಡ ಶತ್ರು ನೀರು. ಹೌಸಿಂಗು ಸೀಲಾಗಿರುವಾಗ ನೀರು ಹೇಗೆ ಹೋಗುತ್ತದೆ ಎಂದು ಕೇಳುವವರುಂಟು. ಅದು ತಾನಾಗಿ ನುಗ್ಗುವುದಿಲ್ಲ, ಹೌಸಿಂಗೇ ಹೀರಿಕೊಳ್ಳುತ್ತದೆ.

ಮಂಡ್ಯದಿಂದ ಬೇಸಿಗೆಯ ಮಧ್ಯಾಹ್ನ ಒಂದೇ ಸಮನೆ ಓಡಿ ಬಂದ ಜೀಪಿನ ಹೌಸಿಂಗು 80 ಡಿಗ್ರಿ ಬಿಸಿಯಾಗಿದೆ ಎನ್ನೋಣ. ಅದರ ಕೆಳಭಾಗದಲ್ಲಿ ಮಾತ್ರ ಎಣ್ಣೆ, ಉಳಿದದ್ದೆಲ್ಲ ಗಾಳಿ. ಹಾಗೇ ಹಳ್ಳಕ್ಕೆ ಇಳಿಸಿದರೆ ಉಕ್ಕಿನ ಚಿಪ್ಪು ನೀರಿಗೆ ತಾಗಿ ಒಳಗಾಳಿ 30 ಡಿಗ್ರಿಗೆ ಇಳಿಯುತ್ತದೆ, ಏಳರಲ್ಲಿ ಒಂದು ಪಾಲು ಕುಗ್ಗುತ್ತದೆ. ಒಳಗೆ 5 ಲೀಟರ್ ಗಾಳಿ ಇದ್ದರೆ ಸುಮಾರು 700 ಮಿಲಿಲೀಟರಿನಷ್ಟು ಜಾಗ ಬರಿದಾಗಿ, ಹೊರಗಿನಿಂದ ಏನನ್ನಾದರೂ ಎಳೆಯಲೇಬೇಕು. ಗಾಳಿ ಒಳಹೊರಗೆ ಆಡಲೆಂದು ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಉಸಿರುಗಂಡಿ ಇರುತ್ತದೆ. ಅದು ನೀರಿನಿಂದ ಮೇಲಿದ್ದು ತೆರೆದಿದ್ದರೆ ಗಾಳಿ ಬರುತ್ತದೆ. ಹಳೆಯ ಗಾಡಿಗಳಲ್ಲಿ ಅದು ಗದ್ದೆ ಮಣ್ಣಿನಿಂದ ಕಲ್ಲಾಗಿ ಮುಚ್ಚಿರುತ್ತದೆ. ಆಗ ಸವೆದ ಸೀಲಿನ ತುಟಿಯ ಸಂದಿಯಿಂದ ಬರುವುದು ಹಳ್ಳದ ನೀರು. ನೀರಿಗೆ ಇಳಿಯುವ ಮುನ್ನ ಮರದ ನೆರಳಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಆರಿಸಿಕೊಳ್ಳಬೇಕೆನ್ನುವುದಕ್ಕೆ ಕಾರಣ ಇದೇ.

ಒಳಗೆ ಸೇರಿದ ನೀರನ್ನು ಹಲ್ಲುಗಳು ಎಣ್ಣೆಯೊಂದಿಗೆ ಕಡೆದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತರುತ್ತವೆ. ಕೆಟ್ಟದ್ದು ಬಣ್ಣದಲ್ಲಿ ಎದ್ದು ಕಾಣುವುದು ಹೆಚ್ಚಾಗಿ ಈ ಸಂದರ್ಭದಲ್ಲಿ. ನೀರು ಹಲ್ಲಿನ ನಡುವೆ ಪದರವಾಗಿ ನಿಲ್ಲಲಾರದು, ಗಂಧಕ ರಂಜಕದ ಸಂಯುಕ್ತಗಳನ್ನು ಒಡೆಯುತ್ತದೆ, ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಈ ಎಣ್ಣೆಗೆ ಕಿಲೋಮೀಟರ್ ಲೆಕ್ಕ ಹಾಕುತ್ತ ಕೂರಬಾರದು, ಕಂಡ ದಿನವೇ ಇಳಿಸಬೇಕು.

ಬಿಚ್ಚುವ ಕ್ರಮ

ಎಣ್ಣೆ ಇಳಿಸುವ ಮೊದಲು ಗಾಡಿಯನ್ನು 10-15 ಕಿಲೋಮೀಟರ್ ಓಡಿಸಿ ತರಬೇಕು. ಬಿಸಿ ಎಣ್ಣೆ ಬೇಗ ಹರಿಯುತ್ತದೆ, ತಳಕ್ಕೆ ಕೂತ ಪುಡಿಯನ್ನೂ ಹೊತ್ತು ಬರುತ್ತದೆ. ಆಮೇಲೆ ಮೊದಲು ಬಿಚ್ಚಬೇಕಾದ್ದು ಕೆಳಗಿನ ನಟ್ಟನ್ನಲ್ಲ, ಎಣ್ಣೆ ತುಂಬುವ ಮೇಲಿನ ನಟ್ಟನ್ನು. ಹಳೆಯ ಗಾಡಿಗಳಲ್ಲಿ ಅದು ತುಕ್ಕು ಹಿಡಿದು ಕೂತಿರುತ್ತದೆ. ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಅಲುಗದಿದ್ದರೆ, ತುಂಬಲು ದಾರಿಯಿಲ್ಲದ ಗಾಡಿ ಅಲ್ಲೇ ಕೂರುತ್ತದೆ. ಹಿಂದಿನ ದಿನವೇ ತುಕ್ಕುಬಿಡಿಸುವ ಎಣ್ಣೆ ಬಿಟ್ಟಿಟ್ಟರೆ ಒಳ್ಳೆಯದು.

ಇಳಿದ ಎಣ್ಣೆಯನ್ನು ನೋಡುವುದು ಈ ಕೆಲಸದ ಸ್ವಾರಸ್ಯದ ಭಾಗ. ಕೆಳನಟ್ಟಿನ ಮೂತಿಯಲ್ಲಿ ಅಯಸ್ಕಾಂತ ಇದ್ದರೆ ಅದರ ಮೇಲೆ ಬೂದುಗಪ್ಪು ಗಸಿಯ ಗುಬ್ಬಿ ಕಟ್ಟಿರುತ್ತದೆ. ಒಂದು ಚಿಟಿಕೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ. ಕಣ್ಣಕಪ್ಪಿನಷ್ಟು ನುಣ್ಣಗಿದ್ದರೆ ಚಿಂತೆಯಿಲ್ಲ. ಅದು ಕೆರೆದುಹೋದ ಬಲಿಪೊರೆ ಮತ್ತು ಅದರೊಂದಿಗೆ ಹೋದ ಉಕ್ಕಿನ ಪುಡಿ. ಬೆರಳಿಗೆ ಮರಳು ಸಿಕ್ಕಂತಾದರೆ, ಬೆಳಕಿಗೆ ಹಿಡಿದಾಗ ಚಕ್ಕೆ ಮಿನುಗಿದರೆ, ಪೊರೆ ಸೋತು ಹಲ್ಲೋ ಬೇರಿಂಗೋ ಎದ್ದುಬರುತ್ತಿದೆ ಎಂದರ್ಥ. ಗೇರ್‌ಬಾಕ್ಸಿನ ಎಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಹಳದಿ ಮಿಂಚು ತೇಲಿದರೆ ಅದು ಹಿತ್ತಾಳೆ ಉಂಗುರದ್ದು. ಅಯಸ್ಕಾಂತ ಅದನ್ನು ಹಿಡಿಯುವುದಿಲ್ಲ.

ತುಂಬುವುದು ಸುಲಭ. ಗಾಡಿ ಮಟ್ಟದ ನೆಲದಲ್ಲಿ ನಿಂತಿರಬೇಕು, ಮೇಲಿನ ತೂತಿನ ಅಂಚಿನಿಂದ ಎಣ್ಣೆ ಸಣ್ಣಗೆ ತೊಟ್ಟಿಕ್ಕತೊಡಗಿದರೆ ಸಾಕು. ಜೀಪಿನ ಗೇರ್‌ಬಾಕ್ಸಿಗೂ ಹಂಚುಪೆಟ್ಟಿಗೆಗೂ ನಡುವಿನ ಸೀಲು ಸವೆದಿದ್ದರೆ ಒಂದರ ಎಣ್ಣೆ ಇನ್ನೊಂದಕ್ಕೆ ಹೋಗುತ್ತಿರುತ್ತದೆ, ಹಾಗಾಗಿ ಕೆಲವು ದಿನ ಬಿಟ್ಟು ಎರಡರ ಮಟ್ಟವನ್ನೂ ಮತ್ತೆ ನೋಡಬೇಕು. ಮುಂದಿನ ಚಕ್ರದ ಬುಡದಲ್ಲಿ, ಸ್ಟೇರಿಂಗ್ ತಿರುಗಿದಾಗ ಹೊರಳುವ ಗುಂಡಿನ ಮೇಲೆ ಜಿಡ್ಡು ಇಳಿದಿದ್ದರೆ ಒಳಸೀಲು ಹೋಗಿ ಹೌಸಿಂಗಿನ ಎಣ್ಣೆ ಅಲ್ಲಿನ ಗ್ರೀಸನ್ನು ತೆಳ್ಳಗೆ ಮಾಡಿದೆ. ಬರೀ ಎಣ್ಣೆ ತುಂಬಿದರೆ ಅದು ಸರಿಹೋಗದು. ಉಸಿರುಗಂಡಿಯನ್ನು ಬಿಚ್ಚಿ ಡೀಸೆಲ್‌ನಲ್ಲಿ ತೊಳೆದು ಊದಿ ನೋಡಬೇಕು. ಇಳಿಸಿದ ಎಣ್ಣೆಯನ್ನು ಗೆದ್ದಲಿಗೆಂದು ಕೊಟ್ಟಿಗೆ ಕಂಬಕ್ಕೆ ಬಳಿಯುವ ರೂಢಿ ಹಳ್ಳಿಗಳಲ್ಲಿದೆ. ಆಡು ಕುರಿ ಮೈ ಉಜ್ಜುವ ಕಂಬಕ್ಕೆ ಅದು ಬೇಡ, ನಾಲೆ ಏರಿಗಂತೂ ಬೇಡವೇ ಬೇಡ. ಡಬ್ಬಕ್ಕೆ ತುಂಬಿ ಹಳೆ ಎಣ್ಣೆ ಸಂಗ್ರಹಿಸುವವರಿಗೆ ಕೊಡಬಹುದು.

ಎಷ್ಟಕ್ಕೊಮ್ಮೆ ಎಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ಕೈಪಿಡಿ ಕಳೆದುಹೋದ ಹಳೆಯ ಜೀಪಿಗೆ ನನ್ನ ಲೆಕ್ಕ ಇಷ್ಟು: ಟಾರಿನಲ್ಲೇ ಓಡುವುದಾದರೆ 40,000 ಕಿಲೋಮೀಟರಿಗೊಮ್ಮೆ, ಗದ್ದೆ, ಹಳ್ಳ, ಟ್ರೈಲರು ಎಲ್ಲ ಇದ್ದರೆ ಅದರ ಅರ್ಧಕ್ಕೆ. ಕಡಿಮೆ ಓಡುವ ಗಾಡಿಗೂ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ನಾಲ್ಕೂ ಮನೆಯ ನಟ್ಟು ಬಿಚ್ಚಿ ಬೆರಳಿಟ್ಟು ನೋಡಬೇಕು. ಮುಂಚಕ್ರದ ಹಬ್ಬನ್ನು ಬಿಡಿಸಿಡುವ ಸೌಕರ್ಯವಿರುವ ಗಾಡಿಗಳಲ್ಲಿ ಮುಂದಿನ ಕ್ರೌನ್ ತಿಂಗಳುಗಟ್ಟಲೆ ಅಲುಗದೆ ಕೂತಿರುತ್ತದೆ. ಎಣ್ಣೆ ತಳದಲ್ಲಿ, ಮೇಲಿನ ಬೇರಿಂಗು ಒಣಗಿ ಗಾಳಿಯ ತೇವಕ್ಕೆ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಹಬ್ಬು ಕೂಡಿಸಿ, ಮಣ್ಣು ದಾರಿಯಲ್ಲಿ ಫೋರ್‌ವೀಲ್ ಹಾಕಿ ನಾಲ್ಕೈದು ಕಿಲೋಮೀಟರ್ ಓಡಿಸಿದರೆ ಕ್ರೌನ್ ತಿರುಗಿ ಎಣ್ಣೆಯನ್ನು ಅಲ್ಲಿಯ ತನಕ ಎರಚುತ್ತದೆ.